ಜಾರ್ಜ್ ಸೈಮನ್ ಓಮ್

ಜಾರ್ಜ್ ಸೈಮನ್ ಓಮ್ (16 ಮಾರ್ಚ್ 1789 – 6 ಜುಲೈ 1854) ಜರ್ಮನಿಯ ಭೌತವಿಜ್ಞಾನಿ ಮತ್ತು ಗಣಿತ ಶಿಕ್ಷಕ. ವಾಹಕವೊಂದರ ತುದಿಗಳ ನಡುವಿನ ವಿಭವಾಂತರ (ವೋಲ್ಟೇಜ್), ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹ ಹಾಗೂ ಅದರ ರೋಧ ಇವುಗಳ ಸಂಬಂಧವನ್ನು ತಿಳಿಸುವ ಓಮ್‌ನ ನಿಯಮವನ್ನು ಈತನು ರೂಪಿಸಿದನು. ರೋಧದ ಅಂತರರಾಷ್ಟ್ರೀಯ ಏಕಮಾನಕ್ಕೆ ಈತನ ಹೆಸರನ್ನೇ ಇಡಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಓಮ್ ಜನಿಸಿದ್ದು ಎರ್ಲಾಂಗೆನ್ ಪಟ್ಟಣದಲ್ಲಿ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಓಮ್ ಬೀಗ ತಯಾರಿಸುವ ಕುಶಲಕರ್ಮಿ. ತಾಯಿ ಮರಿಯಾ ಎಲಿಜಬೆತ್ ದರ್ಜಿಯೊಬ್ಬನ ಮಗಳು. ಏಳು ಮಕ್ಕಳಲ್ಲಿ ಬದುಕುಳಿದವರು ಮೂವರು ಮಾತ್ರ. ಜಾರ್ಜ್ ಹತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ತಂದೆ ಸ್ವಂತ ಪರಿಶ್ರಮದಿಂದ ಗಣಿತ ಮತ್ತು ವಿಜ್ಞಾನಗಳನ್ನು ಕಲಿತು, ಜಾರ್ಜ್ ಮತ್ತು ಅವನ ತಮ್ಮ ಮಾರ್ಟಿನ್ ಇಬ್ಬರಿಗೂ ಮನೆಯಲ್ಲೇ ಪಾಠ ಹೇಳಿದನು. ಮುಂದೆ ಮಾರ್ಟಿನ್ ಕೂಡ ಹೆಸರಾಂತ ಗಣಿತಜ್ಞನಾದನು.

1805ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯವನ್ನು ಸೇರಿದ ಜಾರ್ಜ್, ಅಲ್ಲಿ ಓದಿಗಿಂತ ನೃತ್ಯ, ಬಿಲಿಯರ್ಡ್ಸ್ ಮತ್ತು ಹಿಮಜಾರಾಟಗಳಲ್ಲಿ ಹೆಚ್ಚು ಕಾಲ ಕಳೆದನು. ಸಿಟ್ಟಿಗೆದ್ದ ತಂದೆ ಮಗನನ್ನು ಓದು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಕಳುಹಿಸಿದನು. ಅಲ್ಲಿ ಶಾಲಾ ಶಿಕ್ಷಕನಾಗಿ ದುಡಿಯುತ್ತಲೇ ಓಮ್ ಉನ್ನತ ಗಣಿತವನ್ನು ತಾನೇ ಓದಿಕೊಂಡನು. 1811ರಲ್ಲಿ ಊರಿಗೆ ಮರಳಿ ಅದೇ ವರ್ಷ ಡಾಕ್ಟರೇಟ್ ಪಡೆದನು. ವಿಶ್ವವಿದ್ಯಾಲಯದ ಬೋಧಕ ವೃತ್ತಿಯ ಅಲ್ಪ ಆದಾಯದಲ್ಲಿ ಜೀವನ ಸಾಗದೆ, ಬಾಂಬರ್ಗ್‌ನ ಶಾಲೆಗಳಲ್ಲಿ ಕೆಲವು ವರ್ಷ ಪಾಠ ಮಾಡಿದನು.

ಕಲೋನ್‌ನ ಪ್ರಯೋಗಗಳು

1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನದ ಶಿಕ್ಷಕನಾಗಿ ನೇಮಕಗೊಂಡದ್ದು ಓಮ್‌ನ ಬದುಕಿನ ತಿರುವು. ಅಲ್ಲಿ ಸುಸಜ್ಜಿತ ಪ್ರಯೋಗಾಲಯವಿತ್ತು. ಬೀಗದ ಕೆಲಸದವನ ಮಗನಾದ ಓಮ್‌ಗೆ ಉಪಕರಣಗಳನ್ನು ಸ್ವತಃ ಮಾಡಿಕೊಳ್ಳುವ ಕೈಚಳಕವೂ ಇದ್ದಿತು.

1825ರ ಮೊದಲ ಪ್ರಯೋಗಗಳಲ್ಲಿ ಆತನು ವಿದ್ಯುತ್ಕೋಶವನ್ನು ಬಳಸಿದನು. ಅಂದಿನ ಕೋಶಗಳ ವೋಲ್ಟೇಜ್ ಸ್ಥಿರವಾಗಿ ನಿಲ್ಲುತ್ತಿರಲಿಲ್ಲವಾದ್ದರಿಂದ ಅಳತೆಗಳು ನಂಬುವಂತಿರಲಿಲ್ಲ. ವಿಜ್ಞಾನ ಪತ್ರಿಕೆಯ ಸಂಪಾದಕನಾಗಿದ್ದ ಪೊಗೆನ್‌ಡಾರ್ಫ್‌ನ ಸಲಹೆಯಂತೆ ಓಮ್ 1826ರಲ್ಲಿ ಬಿಸ್ಮತ್ ಮತ್ತು ತಾಮ್ರದ ಉಷ್ಣಯುಗ್ಮವನ್ನು ಆರಿಸಿಕೊಂಡನು. ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರೆ ತಾಪದ ಅಂತರ ಬದಲಾಗುವುದಿಲ್ಲ. ಆದ್ದರಿಂದ ವೋಲ್ಟೇಜೂ ಬದಲಾಗುವುದಿಲ್ಲ. ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ, ಕಾಂತಸೂಜಿಯ ತಿರುಗುವಿಕೆಯಿಂದ ಪ್ರವಾಹವನ್ನು ಅಳೆದನು. ತಂತಿ ಉದ್ದವಾದಷ್ಟೂ ಪ್ರವಾಹವು ಒಂದು ಖಚಿತ ಕ್ರಮದಲ್ಲಿ ಕುಗ್ಗುವುದು ಕಂಡುಬಂದಿತು.

ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಇದಕ್ಕೂ ಸುಮಾರು ನಾಲ್ಕು ದಶಕಗಳ ಮೊದಲೇ, ತನ್ನ ದೇಹಕ್ಕೆ ತಗುಲಿದ ಆಘಾತದ ತೀವ್ರತೆಯಿಂದಲೇ ಪ್ರವಾಹವನ್ನು ಅಂದಾಜಿಸಿ, ಇಂಥದೇ ಸಂಬಂಧವನ್ನು ಕಂಡಿದ್ದನು. ಅವನ ಟಿಪ್ಪಣಿಗಳು 1879ರವರೆಗೆ ಪ್ರಕಟವಾಗದ ಕಾರಣ ಅದರ ಅರಿವು ಓಮ್‌ಗೆ ಇರಲು ಸಾಧ್ಯವಿರಲಿಲ್ಲ.

ನಿರ್ಲಕ್ಷ್ಯದ ವರ್ಷಗಳು

ಶಾಲೆಯಿಂದ ಅರ್ಧ ಸಂಬಳದ ರಜೆ ಪಡೆದು ಬರ್ಲಿನ್‌ನಲ್ಲಿ ನೆಲೆಸಿದ ಓಮ್, 1827ರಲ್ಲಿ ವಿದ್ಯುನ್ಮಂಡಲದ ಗಣಿತವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಲೋಹದಲ್ಲಿ ಶಾಖ ಹರಿಯುವ ಬಗ್ಗೆ ಫ್ರಾನ್ಸಿನ ಫೂರಿಯೆ ಮಂಡಿಸಿದ್ದ ಗಣಿತವೇ ಅದಕ್ಕೆ ಮಾದರಿ. ಈ ಗ್ರಂಥದಿಂದ ವಿಶ್ವವಿದ್ಯಾಲಯದಲ್ಲಿ ಹುದ್ದೆ ದೊರೆಯಬಹುದೆಂಬ ನಿರೀಕ್ಷೆ ಸುಳ್ಳಾಯಿತು. ಭೌತವಿಜ್ಞಾನವನ್ನು ಗಣಿತದ ಭಾಷೆಯಲ್ಲಿ ಹೇಳುವ ಕ್ರಮವು ಆಗಿನ ಜರ್ಮನ್ ವಿದ್ವಾಂಸರಲ್ಲಿ ಹಲವರಿಗೆ ಒಪ್ಪಿಗೆಯಾಗಿರಲಿಲ್ಲ. ಬರ್ಲಿನ್‌ನ ಪೋಲ್ ಎಂಬ ವಿಮರ್ಶಕನು ಗ್ರಂಥವನ್ನು ಕಟುವಾಗಿ ಖಂಡಿಸಿದನು. ಮನನೊಂದ ಓಮ್ 1828ರಲ್ಲಿ ಕಲೋನ್‌ನ ಕೆಲಸಕ್ಕೆ ರಾಜೀನಾಮೆ ನೀಡಿ, ಬರ್ಲಿನ್‌ನಲ್ಲಿ ಬಿಡಿಪಾಠಗಳಿಂದ ದಿನ ದೂಡಿದನು. ಸ್ಥಿರವಾದ ಹುದ್ದೆ ಮತ್ತೆ ದೊರೆತದ್ದು 1833ರಲ್ಲಿ, ನ್ಯೂರೆಂಬರ್ಗ್‌ನ ತಾಂತ್ರಿಕ ಶಾಲೆಯಲ್ಲಿ.

ಮನ್ನಣೆ ಮೊದಲು ಬಂದದ್ದು ಹೊರದೇಶದಿಂದ. ಲಂಡನ್ನಿನ ರಾಯಲ್ ಸೊಸೈಟಿಯು 1841ರಲ್ಲಿ ಕಾಪ್ಲಿ ಪದಕವನ್ನಿತ್ತು, ಮರುವರ್ಷ ವಿದೇಶಿ ಸದಸ್ಯತ್ವವನ್ನೂ ನೀಡಿತು. 1852ರಲ್ಲಿ, 63ನೆಯ ವಯಸ್ಸಿನಲ್ಲಿ, ಓಮ್ ಮ್ಯೂನಿಕ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕನಾದನು. ಬಯಸಿದ ಪೀಠದಲ್ಲಿ ಕುಳಿತದ್ದು ಎರಡೇ ವರ್ಷ. ಅವಿವಾಹಿತನಾಗಿಯೇ ಉಳಿದ ಆತನು ಮ್ಯೂನಿಕ್‌ನಲ್ಲಿ ನಿಧನನಾದನು. 1881ರ ಪ್ಯಾರಿಸ್ ವಿದ್ಯುತ್ ಸಮ್ಮೇಳನವು ಓಮ್, ವೋಲ್ಟ್ ಮತ್ತು ಆಂಪಿಯರ್ ಏಕಮಾನಗಳನ್ನು ಅಂಗೀಕರಿಸಿತು.

ನಿಯಮ ಮತ್ತು ಲೆಕ್ಕಾಚಾರ

ತಾಪವು ಸ್ಥಿರವಾಗಿರುವ ಲೋಹವಾಹಕದಲ್ಲಿ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ದೊರೆಯುವುದು ವಿದ್ಯುತ್ ಸಾಮರ್ಥ್ಯ. ಇದರ ಏಕಮಾನ ವಾಟ್. 230 ವೋಲ್ಟ್‌ನ ಮನೆಯಲ್ಲಿ 1000 ವಾಟ್‌ನ ನೀರು ಕಾಯಿಸುವ ಕಾಯಿಲ್ ಸುಮಾರು 4.35 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅದರ ರೋಧ 52.9 ಓಮ್. ವಾಹಕದಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂಬುದನ್ನು ತೋರಿಸಿದವನು ಜೇಮ್ಸ್ ಜೂಲ್. ಸಾಮರ್ಥ್ಯದ ಸೂತ್ರವನ್ನೂ ಓಮ್‌ನ ಹೆಸರಿಗೇ ಬರೆಯುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಕೊಳವೆಬಾವಿಯ ಪಂಪಿಗೆ ಉದ್ದನೆಯ ಕೇಬಲ್ ಎಳೆಯಬೇಕಾಗುತ್ತದೆ. ಕೇಬಲ್ಲಿನ ಒಟ್ಟು ರೋಧ 1 ಓಮ್ ಇದ್ದು 8 ಆಂಪಿಯರ್ ಹರಿದರೆ 8 ವೋಲ್ಟ್ ದಾರಿಯಲ್ಲೇ ಇಳಿದು, 64 ವಾಟ್ ಶಾಖವಾಗಿ ವ್ಯರ್ಥವಾಗುತ್ತದೆ. ಪ್ರವಾಹ 16 ಆಂಪಿಯರ್‌ಗೆ ಏರಿದರೆ ನಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 256 ವಾಟ್. ಮೋಟಾರು ಬರಿಯ ರೋಧಕವಲ್ಲವಾದ್ದರಿಂದ ಅದಕ್ಕೆ ಓಮ್‌ನ ನಿಯಮವನ್ನು ನೇರವಾಗಿ ಅನ್ವಯಿಸಲಾಗದು. ವೋಲ್ಟೇಜ್ ತಗ್ಗಿದಾಗ ಅದೇ ಭಾರವನ್ನು ಎಳೆಯಲು ಅದು ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ. ಆಗ ಸುರುಳಿಯ ತಂತಿ ಕಾದು ಮೋಟಾರು ಸುಡುತ್ತದೆ. ತೋಟಕ್ಕೆ ದಪ್ಪ ತಂತಿಯ ಕೇಬಲ್ ಬಳಸುವುದೂ, ಇದೇ ಜಿಲ್ಲೆಯ ಕೂಡಗಿ ಸ್ಥಾವರದ ವಿದ್ಯುತ್ತನ್ನು ಲಕ್ಷಾಂತರ ವೋಲ್ಟ್‌ಗೆ ಏರಿಸಿ, ಪ್ರವಾಹವನ್ನು ತಗ್ಗಿಸಿ ದೂರದ ಊರುಗಳಿಗೆ ಸಾಗಿಸುವುದೂ ಈ ನಷ್ಟವನ್ನು ಕುಗ್ಗಿಸಲೆಂದೇ.