ಮೆದುಳಿನ ರಕ್ತನಾಳ ಮೊದಲು ತೋರಿಸಿದ ಡಾಕ್ಟರ್ ಎಗಾಸ್ ಮೊನಿಜ್: ನೊಬೆಲ್ ಸಿಕ್ಕಿದ್ದು ಮಾತ್ರ ಬೇರೆ ಕೆಲಸಕ್ಕೆ!

ಆಂಜಿಯೋಗ್ರಾಮ್ ಅಂದ್ರೆ ಈಗ ನಮ್ಮ ಕಡೆ ಯಾರಿಗೂ ಹೊಸ ಮಾತಲ್ಲ. ಎದೆನೋವು ಬಂದು ದೊಡ್ಡ ಆಸ್ಪತ್ರೆಗೆ ಹೋಗಿ ಬಂದವರು ಬೀದಿಗೊಬ್ಬರಾದರೂ ಸಿಗ್ತಾರೆ. ಆದ್ರೆ ತಲೆಯೊಳಗಿನ ರಕ್ತನಾಳಕ್ಕೂ ಹೀಗೇ ಆಂಜಿಯೋಗ್ರಾಮ್ ಇದೆ, ಲಕ್ವ ಹೊಡೆದಾಗ ಅಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪನ್ನು ಸಣ್ಣ ಟ್ಯೂಬ್ ಹಾಕಿ ಹೊರಗೆ ಎಳೀತಾರೆ ಅಂದ್ರೆ ಎಷ್ಟೋ ಜನ ನಂಬೋದೇ ಇಲ್ಲ. ಎಳೆಯಬೇಕು ಅಂದ್ರೆ ಮೊದಲು ಅದು ಎಲ್ಲಿ ಸಿಕ್ಕಿದೆ ಅಂತ ಕಾಣಬೇಕಲ್ಲ? ಜೀವಂತ ಮನುಷ್ಯನ ಮೆದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಮೊದಲು ಕಾಣಿಸಿದವರು ಪೋರ್ಚುಗಲ್ ದೇಶದ ಡಾ. ಎಗಾಸ್ ಮೊನಿಜ್.

1874ರ ನವೆಂಬರ್ 29ರಂದು ಅವಾಂಕಾ ಅನ್ನೋ ಊರಲ್ಲಿ ಹುಟ್ಟಿದರು. ಎಗಾಸ್ ಮೊನಿಜ್ ಅನ್ನೋದು ಅವರ ದೇಶದ ಹಳೇ ಕಾಲದ ವೀರನೊಬ್ಬನ ಹೆಸರು, ಮನೆಯವರು ಅದನ್ನೇ ಇವರಿಗೂ ಸೇರಿಸಿದರು. ಕೊಯಿಂಬ್ರಾದಲ್ಲಿ ಡಾಕ್ಟರಿಕೆ ಓದಿದರು. ಚಿಕ್ಕ ವಯಸ್ಸಿನಲ್ಲೇ ಕೈಗೆ ಗೌಟ್ ಅನ್ನೋ ಸಂಧಿವಾತ ಹಿಡೀತು, ಬೆರಳು ಸೊಟ್ಟಗಾದವು. ಕೊನೇವರೆಗೂ ಸರಿಹೋಗಲಿಲ್ಲ.

ಇಷ್ಟಾದ ಮೇಲೂ ಡಾಕ್ಟರ್ ಕೆಲಸ ಒಂದೇ ಸಾಲಲಿಲ್ಲ. ರಾಜಕೀಯಕ್ಕೆ ಇಳಿದರು, ಪಾರ್ಲಿಮೆಂಟ್ ಸದಸ್ಯರಾದರು, 1908ರಲ್ಲಿ ರಾಜನ ಸರ್ಕಾರದ ವಿರುದ್ಧದ ಸಂಚಿನಲ್ಲಿ ಸಿಕ್ಕಿಬಿದ್ದು ಜೈಲಿಗೂ ಹೋದರು. 1911ರಲ್ಲಿ ಲಿಸ್ಬನ್‌ನಲ್ಲಿ ನರರೋಗದ ಪ್ರೊಫೆಸರ್ ಆದರು. 1918ರಲ್ಲಿ ವಿದೇಶಾಂಗ ಮಂತ್ರಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ಹೋದ ತಮ್ಮ ದೇಶದ ತಂಡಕ್ಕೆ ಸ್ವಲ್ಪ ಕಾಲ ಇವರೇ ಮುಖ್ಯಸ್ಥರು. ಆಮೇಲೆ ರಾಜಕೀಯ ಸಾಕು ಅಂತ ಬಿಟ್ಟು ಬಂದರು. ಐವತ್ತು ದಾಟಿದ ಮೇಲೆ, ನಮ್ಮಲ್ಲಿ ಜನ ರಿಟೈರ್‌ಮೆಂಟ್ ಲೆಕ್ಕ ಹಾಕೋ ಹೊತ್ತಿಗೆ, ಇವರ ನಿಜವಾದ ಕೆಲಸ ಶುರುವಾಯ್ತು.

ಆಗಿನ ಸಮಸ್ಯೆ ಏನಂದ್ರೆ, ಎಕ್ಸ್‌ರೇಯಲ್ಲಿ ತಲೆಬುರುಡೆ ಕಾಣ್ತಿತ್ತು, ಒಳಗಿನ ಮೆದುಳು ಕಾಣ್ತಿರಲಿಲ್ಲ. ಗಡ್ಡೆ ಎಲ್ಲಿದೆ ಅಂತ ಗೊತ್ತಾಗದೆ ಸರ್ಜನ್‌ಗಳು ಅಂದಾಜಿನ ಮೇಲೆ ತಲೆ ತೆರೀತಿದ್ದರು. ಎಕ್ಸ್‌ರೇಗೆ ಕಾಣುವ ದ್ರವವನ್ನು ರಕ್ತನಾಳಕ್ಕೇ ಬಿಟ್ಟರೆ ನಾಳಗಳ ಚಿತ್ರ ಬರುತ್ತೆ, ಗಡ್ಡೆ ಇದ್ದ ಕಡೆ ನಾಳ ಪಕ್ಕಕ್ಕೆ ಸರಿದಿರೋದು ಕಾಣುತ್ತೆ ಅನ್ನೋದು ಮೊನಿಜ್ ಲೆಕ್ಕ. ನಾಯಿಗಳ ಮೇಲೆ, ಶವಗಳ ತಲೆಗಳ ಮೇಲೆ ಪ್ರಯೋಗ ಮಾಡಿದರು. ತಮ್ಮ ಕೈ ಬಗ್ಗದ ಕಾರಣ ಕುತ್ತಿಗೆ ನಾಳಕ್ಕೆ ಸೂಜಿ ಹಾಕುವ ಕೆಲಸ ಜೊತೆಗಾರ ಡಾ. ಅಲ್ಮೇಡಾ ಲಿಮಾ ಅವರದ್ದು.

ಮನುಷ್ಯರ ಮೇಲೆ ಮೊದಲು ಬಳಸಿದ್ದು ಸ್ಟ್ರಾನ್ಷಿಯಂ ಬ್ರೋಮೈಡ್. ಚಿತ್ರ ಸರಿಯಾಗಿ ಬರಲಿಲ್ಲ, ಒಬ್ಬ ರೋಗಿ ತೀರಿಕೊಂಡರು. ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದೇ ಕಾರಣ. ಮುಂದೆ ಯಾವ ಕಾಯಿಲೆಗೆ ಈ ವಿದ್ಯೆ ದಾರಿಯಾಯಿತೋ ಅದೇ ಕಾಯಿಲೆ ಅದರ ಶುರುವಿನಲ್ಲೇ ಒಂದು ಜೀವ ತೆಗೀತು. ಕೆಲಸ ನಿಲ್ಲಿಸಿ, ದ್ರವ ಬದಲಿಸಿ ಸೋಡಿಯಂ ಅಯೋಡೈಡ್ ಹಿಡಿದರು. 1927ರ ಜೂನ್ 28ರಂದು 20 ವರ್ಷದ ಯುವಕನೊಬ್ಬನ ತಲೆಯ ಚಿತ್ರ ತೆಗೆದಾಗ ನಾಳಗಳು ಮರದ ಕೊಂಬೆ ಹಾಗೆ ಮೂಡಿ ಬಂದವು. ಮುಂದಿನ ತಿಂಗಳೇ ಪ್ಯಾರಿಸ್‌ನಲ್ಲಿ ಡಾಕ್ಟರ್‌ಗಳ ಮುಂದೆ ಇಟ್ಟರು. ಆಮೇಲೆ ಬಳಕೆಗೆ ಬಂದ ಥೊರೋಟ್ರಾಸ್ಟ್ ಅನ್ನೋ ದ್ರವ ಚಿತ್ರವನ್ನೇನೋ ಚೆನ್ನಾಗಿ ಕೊಟ್ಟಿತು, ಆದ್ರೆ ಅದರಲ್ಲಿದ್ದ ವಿಕಿರಣ ವಸ್ತು ಲಿವರ್‌ನಲ್ಲೇ ಕೂತು ಎಷ್ಟೋ ವರ್ಷಗಳ ನಂತರ ಕೆಲವರಿಗೆ ಕ್ಯಾನ್ಸರ್ ತಂತು.

1933ರಲ್ಲಿ ಮೊನಿಜ್ ತಂಡ ಮೆದುಳಿನ ಹಿಂಭಾಗದ ನಾಳಗಳನ್ನೂ ಕಾಣಿಸಿತು. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಕತ್ತಿನ ಮೂಳೆಯ ಒಳಗಿಂದ ಎರಡು ನಾಳ ಮೇಲೆ ಹೋಗಿ, ಒಂದಾಗಿ ಬೇಸಿಲಾರ್ ಅನ್ನೋ ನಾಳ ಆಗುತ್ತೆ. ಉಸಿರಾಟ, ನುಂಗೋದು, ಕಣ್ಣಿನ ಚಲನೆ, ನಡಿಗೆಯ ಸಮತೋಲನ ಎಲ್ಲ ಅದರ ಕೈಯಲ್ಲಿ. ಸುಮಾರು ಐದರಲ್ಲಿ ಒಂದು ಸ್ಟ್ರೋಕ್ ಈ ಹಿಂಭಾಗದಲ್ಲೇ ಆಗೋದು. ಇಲ್ಲಿ ಬಾಯಿ ಸೊಟ್ಟ ಆಗಲೇಬೇಕು, ಕೈ ಬೀಳಲೇಬೇಕು ಅಂತಿಲ್ಲ. ಇದ್ದಕ್ಕಿದ್ದಂತೆ ತಲೆ ಸುತ್ತು, ವಾಂತಿ, ಒಂದು ವಸ್ತು ಎರಡಾಗಿ ಕಾಣೋದು, ಕುಡಿದವರ ಹಾಗೆ ಓಲಾಡೋದು, ಮಾತು ತೊದಲೋದು. ಅಂಗಡಿ ಗಲ್ಲಾದಲ್ಲಿ ಕೂತವರಿಗೆ ಹೀಗಾದ್ರೆ ಪಿತ್ತ ಅಂತ ನಿಂಬೆ ಶರಬತ್ತು ಕೊಟ್ಟು ಮಲಗಿಸೋದೇ ನಮ್ಮಲ್ಲಿ ಹೆಚ್ಚು. ಎಲ್ಲ ತಲೆಸುತ್ತೂ ಸ್ಟ್ರೋಕ್ ಅಲ್ಲ, ನಿಜ. ಆದ್ರೆ ಒಮ್ಮೆಲೇ ಶುರುವಾಗಿ ಮೇಲಿನ ಬೇರೆ ಲಕ್ಷಣವೂ ಜೊತೆಗಿದ್ದರೆ ನೀರು ಕೂಡ ಕುಡಿಸದೆ 108ಕ್ಕೆ ಫೋನ್ ಮಾಡಬೇಕು. ನುಂಗೋ ಶಕ್ತಿ ಹೋಗಿದ್ದರೆ ಆ ನೀರು ಶ್ವಾಸಕೋಶಕ್ಕೆ ಹೋಗುತ್ತೆ.

ಮೊನಿಜ್ ಕಥೆಗೆ ವಾಪಸ್ ಬರೋಣ. 1935ರ ನವೆಂಬರ್‌ನಲ್ಲಿ ಅವರು ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಮಾನಸಿಕ ರೋಗಿಗಳ ತಲೆಬುರುಡೆಗೆ ತೂತು ಮಾಡಿ, ಮೆದುಳಿನ ಮುಂಭಾಗದ ನರಗಳ ಸಂಪರ್ಕ ಕತ್ತರಿಸೋದು. ಮೊದಲ 20 ಜನರನ್ನು ಸ್ವಲ್ಪ ದಿನ ಮಾತ್ರ ನೋಡಿ ಯಶಸ್ಸು ಅಂತ ಪ್ರಕಟಿಸಿಬಿಟ್ಟರು. ಅಮೆರಿಕದಲ್ಲಿ ಇದೇ ಲೊಬಾಟಮಿ ಆಗಿ ಸಾವಿರಾರು ಜನರ ಮೇಲೆ ನಡೀತು, ಎಷ್ಟೋ ಜನ ಜೀವಂತ ಇದ್ದೂ ಇಲ್ಲದ ಹಾಗಾದರು. ಆಂಜಿಯೋಗ್ರಫಿ ವಿಷಯದಲ್ಲಿ ಹೆಜ್ಜೆ ಹೆಜ್ಜೆಗೂ ಪರೀಕ್ಷೆ ಮಾಡಿದ ಮನುಷ್ಯ ಇಲ್ಲಿ ಯಾಕಿಷ್ಟು ಅವಸರ ಮಾಡಿದರೋ, ನನಗಂತೂ ಇದು ಕ್ಷಮಿಸೋ ಮಾತು ಅನ್ನಿಸಲ್ಲ.

1937ರಲ್ಲಿ ಅವರೇ ಕುತ್ತಿಗೆಯ ನಾಳ ಹೆಪ್ಪುಗಟ್ಟಿ ಮುಚ್ಚಿ ಲಕ್ವ ಆಗಿದ್ದನ್ನು ಆಂಜಿಯೋಗ್ರಾಮ್‌ನಲ್ಲಿ ತೋರಿಸಿದರು. ನನ್ನ ಪ್ರಕಾರ ದೊಡ್ಡ ಕೆಲಸ ಇದು. 1939ರಲ್ಲಿ ರೋಗಿಯೊಬ್ಬ ಗುಂಡು ಹಾರಿಸಿದ, ಗಾಯಗೊಂಡರೂ ಬದುಕಿ ಮತ್ತೆ ಕೆಲಸಕ್ಕೆ ಬಂದರು. ನಡುವೆ ಇಸ್ಪೀಟ್ ಎಲೆಗಳ ಇತಿಹಾಸದ ಮೇಲೆ ಪುಸ್ತಕ ಕೂಡ ಬರೆದರು! 1949ರಲ್ಲಿ ನೊಬೆಲ್ ಬಂತು. ಆಂಜಿಯೋಗ್ರಫಿಗೆ ಅಂತ ಹಿಂದೆ ಹೆಸರು ಸೂಚಿಸಿದ್ದಾಗ ಸಿಕ್ಕಿರಲಿಲ್ಲ, ಸಿಕ್ಕಿದ್ದು ಆ ಮೆದುಳು ಕತ್ತರಿಸುವ ಆಪರೇಷನ್‌ಗೆ. ಆಮೇಲೆ ಪೋರ್ಚುಗಲ್ ತನ್ನ 10,000 ಎಸ್ಕುಡೊ ನೋಟಿನ ಮೇಲೂ ಅವರ ಮುಖ ಅಚ್ಚು ಹಾಕಿಸಿತು. 1955ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ ತೀರಿಕೊಂಡರು.

ನಾಳ ಕಾಣೋದು ಅವರ ಕಾಲಕ್ಕೇ ಆಗಿತ್ತು, ಕ್ಲಾಟ್ ತೆಗೆಯೋದು ಆಗಿರಲಿಲ್ಲ. ಈಗ ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದ ಸಣ್ಣ ಟ್ಯೂಬ್ ಮೇಲಕ್ಕೆ ಕಳಿಸಿ, ಪರದೆಯಲ್ಲಿ ನೋಡ್ತಾ, ಬಲೆಯಂಥ ಸ್ಟೆಂಟ್‌ನಲ್ಲಿ ಕ್ಲಾಟ್ ಹಿಡಿದು ಎಳೀತಾರೆ, ಇಲ್ಲಾ ಪಂಪ್‌ನಿಂದ ಹೀರ್ತಾರೆ. ಮೆದುಳಿನ ಮುಂಭಾಗಕ್ಕೆ ಇದು ಉಪಯೋಗ ಅಂತ 2015ರಲ್ಲೇ ಖಚಿತವಾಯ್ತು. ಹಿಂಭಾಗದ್ದು ಮಾತ್ರ ಅನುಮಾನದಲ್ಲೇ ಉಳಿದಿತ್ತು. 2022ರಲ್ಲಿ ಚೀನಾದ ಎರಡು ಅಧ್ಯಯನ ಹೊರಬಂದವು. ಬೇಸಿಲಾರ್ ಮುಚ್ಚಿ 12 ಗಂಟೆಯೊಳಗೆ ಬಂದ 340 ಜನರ ಅಧ್ಯಯನದಲ್ಲಿ, ಕ್ಲಾಟ್ ತೆಗೆಸಿಕೊಂಡವರಲ್ಲಿ 100ಕ್ಕೆ 46 ಮಂದಿ ಮೂರು ತಿಂಗಳಿಗೆ ಯಾರ ಆಸರೆಯೂ ಇಲ್ಲದೆ ನಡೆಯುವಷ್ಟಾದರೂ ಆಗಿದ್ದರು, ಬರೀ ಔಷಧದಲ್ಲಿದ್ದವರಲ್ಲಿ 23. ಸತ್ತವರು 100ಕ್ಕೆ 37, ಆ ಕಡೆ 55. ತೆಗೆಸಿಕೊಂಡವರಲ್ಲಿ 100ಕ್ಕೆ ಸುಮಾರು 5 ಮಂದಿಗೆ ಮೆದುಳಲ್ಲಿ ರಕ್ತಸ್ರಾವ ಆಯ್ತು ಅನ್ನೋದನ್ನೂ ಹೇಳಬೇಕು. ಇನ್ನೊಂದು ಅಧ್ಯಯನ 6ರಿಂದ 24 ಗಂಟೆ ತಡವಾಗಿ ಬಂದವರದ್ದು, ಅಲ್ಲೂ ಲಾಭ ಕಂಡಿತು. ಕ್ಲಾಟ್ ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇದೆ. ಅದು ಮೀರಿತು ಅಂತ ಮನೆಗೆ ವಾಪಸ್ ಕರ್ಕೊಂಡು ಬರೋ ಅಗತ್ಯ ಇಲ್ಲ, ಕ್ಲಾಟ್ ತೆಗೆಯೋ ಸೌಲಭ್ಯ ಇರೋ ಆಸ್ಪತ್ರೆ ಯಾವುದು ಅಂತ ಅಲ್ಲೇ ಕೇಳಬಹುದು.

ಕ್ಲಾಟ್ ಬಂದ ದಿನವೇ ಮನುಷ್ಯ ಎದ್ದು ಕೂರ್ತಾನೆ ಅಂತ ಎಲ್ಲರ ವಿಷಯದಲ್ಲೂ ಹೇಳೋಕಾಗಲ್ಲ. ನುಂಗೋದನ್ನ ಪರೀಕ್ಷೆ ಮಾಡಿದ ಮೇಲೇ ಬಾಯಿಂದ ಊಟ, ಅಲ್ಲಿವರೆಗೆ ಮೂಗಿನ ಟ್ಯೂಬ್. ಕೈಯಲ್ಲಿ ಶಕ್ತಿ ಇದ್ದರೂ ಲೋಟ ಹಿಡಿಯೋಕೆ ಗುರಿ ತಪ್ಪುತ್ತೆ, ನಿಂತರೆ ಒಂದು ಪಕ್ಕಕ್ಕೆ ವಾಲ್ತಾರೆ. ಎರಡೆರಡು ಕಾಣೋದಕ್ಕೆ ಒಂದು ಕಣ್ಣು ಮುಚ್ಚಿಸಿಡ್ತಾರೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಜಾಸ್ತಿ, ಆಮೇಲೂ ನಿಧಾನಕ್ಕೆ ನಡೀತಾ ಇರುತ್ತೆ. ಹಾಗಾಗಿ ಮನೆಗೆ ಬಂದ ಮೇಲೆ ಫಿಸಿಯೋಥೆರಪಿ ಬಿಡಿಸಬಾರದು, ಬಿಪಿ, ಶುಗರ್ ಮಾತ್ರೆ ಮತ್ತು ರಕ್ತ ತೆಳು ಮಾಡೋ ಮಾತ್ರೆಯನ್ನು ಡಾಕ್ಟರ್ ಕೇಳದೆ ನಿಲ್ಲಿಸಬಾರದು.