ಮುಮ್ಮಡಿ ಕೃಷ್ಣರಾಜರೂ ಅವರ ನಾಣ್ಯಗಳೂ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಗುಂಡ್ಲುಪೇಟೆಗೂ ಮೂಡಲಲ್ಲಿ ಹಬ್ಬಿರುವ ಸೀಮೆಯಲ್ಲಿ ಪೂರ್ವಕಾಲದಲ್ಲಿ ಅರಿಕೊಠಾರವೆಂಬ ಗ್ರಾಮವಿದ್ದಿತು. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಜನಿಸಿದುದು ಅಲ್ಲಿಯೇ. ಅವರ ಸುಪುತ್ರರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರಲ್ಲಿ ಹುಟ್ಟಿದ ಕೃಷ್ಣರಾಜರು 1796ರಲ್ಲಿ ತಂದೆಯನ್ನು ಕಳೆದುಕೊಂಡರು. ತಂದೆಯ ಮುಖವನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ವಯಸ್ಸೂ ಅದಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾಗಲು, ಐದರ ಎಳೆವಯಸ್ಸಿನಲ್ಲಿಯೇ ಅವರಿಗೆ ಪಟ್ಟವಾಯಿತು. ಪಿತಾಮಹಿ ಲಕ್ಷ್ಮಮ್ಮಣ್ಣಿಯವರ ಆರೈಕೆಯಲ್ಲಿಯೂ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿಯೂ ಬಾಲ್ಯ ಕಳೆಯಿತು. ಪ್ರಾಪ್ತವಯಸ್ಕರಾಗಿ ರಾಜ್ಯಭಾರವನ್ನು ವಹಿಸಿದ ಮೇಲೆ, 1818ರಲ್ಲಿ ಅರಿಕೊಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿ, ಪಿತೃಋಣವನ್ನು ತೀರಿಸಿದರು.

ರಾಷ್ಟ್ರನಾಯಕರ ಮುಖಮುದ್ರೆಯುಳ್ಳ ಸ್ಮಾರಕ ನಾಣ್ಯಗಳನ್ನು ಇಂದು ಅನೇಕರು ಆದರದಿಂದ ಸಂಗ್ರಹಿಸುತ್ತಾರೆ. ಸ್ವತಂತ್ರ ಭಾರತದಲ್ಲಿ ಆ ಪದ್ಧತಿಯು 1964ರಲ್ಲಿ ನೆಹರೂ ಅವರ ನಾಣ್ಯದಿಂದ ಮೊದಲಾಯಿತು. ಅಂತಹ ಸಂಗ್ರಾಹಕರು ಕೃಷ್ಣರಾಜರ ನಾಣ್ಯಗಳನ್ನೂ ಅರಸುವುದುಂಟು. ಅವುಗಳಲ್ಲಿ ಅರಸರ ಮುಖವಿಲ್ಲ. ಚಿನ್ನದ ವರಾಹದ ಒಂದು ಬದಿಯಲ್ಲಿ ಉಮಾಮಹೇಶ್ವರರು; ಇನ್ನೊಂದು ಬದಿಯಲ್ಲಿ ನಾಗರಾಕ್ಷರಗಳಲ್ಲಿ ಅರಸರ ನಾಮಧೇಯ. ತಾಮ್ರದ ಕಾಸುಗಳಲ್ಲಿ ಮೊದಲು ಆನೆ, ಅನಂತರ ಶಾರ್ದೂಲ. ಜತೆಗೆ ಮಯಿಲಿ ಕಾಸು ಎಂಬ ಕನ್ನಡ ಬರಹ. ಸಂತೆಯ ಬಡವನ ಕೈಗೆ ಸೇರುವ ಕಾಸಿನ ಮೇಲೆ ಆತನ ನುಡಿಯೇ ಇದ್ದಿತು.

ಆದರೆ ಭಾಗ್ಯವು ಸ್ಥಿರವಾಗಿರಲಿಲ್ಲ. ನಗರ ಸೀಮೆಯ ರೈತರ ದಂಗೆಯ ತರುವಾಯ, 1831ರಲ್ಲಿ ಕಂಪೆನಿಯವರು ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. 1843ರಲ್ಲಿ ಮೈಸೂರಿನ ಟಂಕಸಾಲೆಯೂ ಮುಚ್ಚಿತು. ಮೂವತ್ತೇಳು ವರ್ಷಗಳ ಕಾಲ ಬಿರುದು ಉಳಿದು ಅಧಿಕಾರವಿಲ್ಲದ ಬಾಳನ್ನು ಅವರು ಬಾಳಿದರು. ಆದರೂ ಎದೆಗುಂದಲಿಲ್ಲ. 1833ರಲ್ಲಿ ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯನ್ನು ತೆರೆದರು. ಕವಿಗಳಿಗೂ ವಿದ್ವಾಂಸರಿಗೂ ಆಶ್ರಯವಿತ್ತರು. ರಾಜ್ಯವನ್ನು ಮರಳಿ ಕೊಡಬೇಕೆಂದು ಬಿನ್ನಹದ ಮೇಲೆ ಬಿನ್ನಹವನ್ನು ಕಳುಹಿಸಿದರು.

ಔರಸ ಪುತ್ರಸಂತಾನವಿಲ್ಲದುದರಿಂದ ರಾಜ್ಯವು ಶಾಶ್ವತವಾಗಿ ಕೈತಪ್ಪುವ ಭಯವಿದ್ದಿತು. 1865ರಲ್ಲಿ ಅವರು ಒಬ್ಬ ಬಾಲಕನನ್ನು ದತ್ತು ಸ್ವೀಕರಿಸಿದರು. ಆ ಬಾಲಕನು ಧರಿಸಿದ ಹೆಸರು ಚಾಮರಾಜೇಂದ್ರ. ಅಗಲಿದ ತಂದೆಯ ನಾಮವೇ ಮರಳಿ ಮನೆಗೆ ಬಂದಂತಾಯಿತು. 1867ರಲ್ಲಿ ಆಂಗ್ಲ ಸರಕಾರವು ದತ್ತಕವನ್ನು ಒಪ್ಪಿತು. 1868ರ ಮಾರ್ಚ್ 27ರಂದು ಕೃಷ್ಣರಾಜರು ದಿವಂಗತರಾದರು. 1881ರಲ್ಲಿ ರಾಜ್ಯವು ಚಾಮರಾಜೇಂದ್ರರ ಕೈಸೇರಿತು. ಆ ಶುಭದಿನವನ್ನು ಕಾಣುವ ಯೋಗ ಮಾತ್ರ ಕೃಷ್ಣರಾಜರಿಗೆ ಇರಲಿಲ್ಲ.

ಹಳೆಯ ತಾಮ್ರದ ಕಾಸು ಕೈಗೆ ಸಿಕ್ಕ ವಿದ್ಯಾರ್ಥಿಯು ಅದನ್ನು ಹುಣಸೆಹಣ್ಣಿನಿಂದ ಉಜ್ಜಿ ಹೊಳೆಯಿಸಬಾರದು. ಉಜ್ಜಿದರೆ ಅಕ್ಷರ ಸವೆಯುತ್ತದೆ. ಮೊದಲು ಅದನ್ನು ಓದಬೇಕು. ಅಧಿಕಾರ ಹೋದ ಮೇಲೆಯೂ ಕರ್ತವ್ಯವನ್ನು ಬಿಡದ ಒಬ್ಬ ಅರಸನ ಕಾಲವು ಅದರಲ್ಲಿ ಅಚ್ಚೊತ್ತಿದೆ.