ಕಡಲು ಕಾಣದೆ ಬೆಳೆದ ಕಡಲ ವಿಜ್ಞಾನಿ

ಕಲಬುರಗಿಯ ಕಾಲೇಜಿನಲ್ಲಿ ಓದುವಾಗ ನಾನು ರೇಚೆಲ್ ಕಾರ್ಸನ್ ಅವರ ಹೆಸರು ಮೊದಲು ಕೇಳಿದೆ. ಮುಂದೆ ಕಮಲಾಪುರದಲ್ಲಿ ಶಿಕ್ಷಕನಾದಾಗ, ಕಡಲು ನೋಡದ ನಮ್ಮ ಮಕ್ಕಳಿಗೆ ಪ್ರತಿ ವರ್ಷ ಅವರ ಜೀವನ ಹೇಳುತ್ತಿದ್ದೆ.

ಅವರು ಹುಟ್ಟಿದ್ದು 1907ರ ಮೇ 27ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್‌ನಲ್ಲಿ. ಅದೂ ನಮ್ಮೂರಿನಂತೆ ಒಳನಾಡು, ಮನೆಯಲ್ಲಿ ಬಡತನ. 1929ರಲ್ಲಿ ವುಡ್ಸ್ ಹೋಲ್‌ನ ಪ್ರಯೋಗಾಲಯಕ್ಕೆ ಹೋದಾಗಲೇ ಅವರು ಮೊದಲ ಬಾರಿಗೆ ಸಮುದ್ರ ಕಂಡದ್ದು. 1932ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಎಂ.ಎ. ಪಡೆದರು. ಹಣದ ಅಡಚಣೆಯಿಂದ ಪಿಎಚ್.ಡಿ. ಕೈಬಿಟ್ಟರು. 1935ರಲ್ಲಿ ತಂದೆ ತೀರಿಕೊಂಡ ಮೇಲೆ ಸಂಸಾರದ ಭಾರ ಅವರ ಮೇಲೆ ಬಿತ್ತು. ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿ ದುಡಿಯುತ್ತಲೇ ಬರೆದರು.

1951ರ ಕಡಲಿನ ಪುಸ್ತಕ ಅವರಿಗೆ ಹೆಸರು ತಂದಿತು. 1955ರ ಪುಸ್ತಕದಲ್ಲಿ ಬಂಡೆ, ಮರಳು, ಹವಳದ ತೀರಗಳ ಜೀವಿಗಳನ್ನು ಪರಿಚಯಿಸಿದರು. ಕಡಲಹುಲ್ಲು ಪಾಚಿಯಲ್ಲ, ಹೂ ಬಿಡುವ ಸಸ್ಯ. ಅದರ ಬೇರು ತಳದ ಮಣ್ಣು ಹಿಡಿಯುತ್ತದೆ, ಎಲೆಗಳ ನಡುವೆ ಮೀನುಮರಿ ಬೆಳೆಯುತ್ತವೆ. ಇಂಥ ನಂಟುಗಳನ್ನೇ ಅವರು ಜೀವನವಿಡೀ ಹುಡುಕಿದರು.

1962ರಲ್ಲಿ ಡಿಡಿಟಿಯಂಥ ಕೀಟನಾಶಕಗಳ ಅಪಾಯ ಕುರಿತು ಬರೆದಾಗ ಕಂಪನಿಗಳು ಮುಗಿಬಿದ್ದವು. ಕ್ಯಾನ್ಸರ್ ದೇಹವನ್ನು ತಿನ್ನುತ್ತಿದ್ದರೂ ಅದನ್ನು ಜನರಿಗೆ ತಿಳಿಸದೆ, 1963ರಲ್ಲಿ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದರು. 1964ರ ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ ನಿಧನರಾದರು. 1972ರಲ್ಲಿ ಅಮೆರಿಕ ಹೊಲಗಳಲ್ಲಿ ಡಿಡಿಟಿ ಬಳಕೆ ನಿಷೇಧಿಸಿತು.

ನಮ್ಮ ತೊಗರಿ ಹೊಲದ ಮಳೆನೀರು ಬೆಣ್ಣೆತೊರೆ, ಕಾಗಿಣಾ, ಭೀಮಾ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಸೇರುತ್ತದೆ. ಔಷಧಿ ಹೊಡೆಯುವ ರೈತಬಂಧುಗಳೂ ಅವರ ಮಕ್ಕಳೂ ಇಷ್ಟನ್ನು ನೆನಪಿಟ್ಟರೆ ನನ್ನ ಪಾಠ ಸಾರ್ಥಕ.